ಹುಳುಮನೆಗೆ ಕಿಟಕಿ ಬಂದ ಬಗೆ

ಹಂಪೆ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎಂಬುದು ನಮ್ಮ ಸೀಮೆಯ ಹಳೆಯ ಮಾತು. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯೊಳಗಿನ ಕೆತ್ತನೆ ಕಂಡವರು ಆಡಿದ್ದು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಹೊಲಗಳ ನಡುವೆ ಒಳಗೆ ಹೋಗಿಯೇ ನೋಡಬೇಕಾದ ಇನ್ನೊಂದು ಕಟ್ಟಡವಿದೆ. ಹೊರಗಿನಿಂದ ಅದರಲ್ಲಿ ಏನೂ ಇಲ್ಲ: ಒಂದು ಉದ್ದನೆಯ ಕೋಣೆ, ಕಿಟಕಿಗಳಿಗೆ ನೈಲಾನ್ ಪರದೆ, ಹೊಸ್ತಿಲಲ್ಲಿ ಬಿಳಿ ಪುಡಿ. ರೇಷ್ಮೆ ಹುಳು ಸಾಕುವ ಮನೆ. ಏಪ್ರಿಲ್ ತಿಂಗಳಲ್ಲಿ ಹೊರಗೆ ಬಿಸಿಲು 40 ಡಿಗ್ರಿಯ ಹತ್ತಿರ ಕುದಿಯುತ್ತಿರುವಾಗ ಒಳಗೆ 25 ಡಿಗ್ರಿ ಬೇಕು. ಅದನ್ನು ಹಿಡಿದು ನಿಲ್ಲಿಸುವುದರಲ್ಲೇ ಬೆಳೆ ಇರುವುದು.

ಹುಳು ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರೆಲ್ಲ ಹಿಪ್ಪುನೇರಳೆ ಸೊಪ್ಪಿನಿಂದಲೇ ಬರಬೇಕು. ಮೊಟ್ಟೆಯೊಡೆದ ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ನಮ್ಮ ಒಣಗಾಳಿಗೆ ಆ ಚೂರು ಗಳಿಗೆಯಲ್ಲಿ ಬಾಡಿ ಸುರುಟಿಕೊಳ್ಳುತ್ತದೆ, ಹುಳು ಹಸಿದು ಕೂರುತ್ತದೆ. ಅದಕ್ಕೇ ಮೊದಲ ಹಂತದಲ್ಲಿ 27-28 ಡಿಗ್ರಿ ಶಾಖ, ಶೇ 85ರಿಂದ 90ರಷ್ಟು ತೇವ. ತಟ್ಟೆಯ ಮೇಲೆ ಮೇಣದ ಕಾಗದ ಹೊದಿಸಿ, ಅಂಚಿಗೆ ಒದ್ದೆ ಸ್ಪಂಜಿನ ಪಟ್ಟಿ ಇಟ್ಟು, ಬಾಗಿಲು ಮುಚ್ಚಿ ಕಾಪಾಡುವ ದಿನಗಳಿವು.

ಆಮೇಲೆ ಎಲ್ಲವೂ ತಿರುಗುಮುರುಗು. ಒಂದೊಂದು ಜ್ವರ ದಾಟಿದ ಹಾಗೆ (ಪೊರೆ ಬಿಡುವುದಕ್ಕೆ ರೈತರು ಜ್ವರ ಎನ್ನುತ್ತಾರೆ, ಹುಳುವನ್ನು ಮನೆಮಗುವಿನಂತೆ ಕಂಡವರಿಗೇ ಹೊಳೆಯುವ ಪದ) ಬೇಕಾದ ತೇವ ಇಳಿಯುತ್ತ ಬರುತ್ತದೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ 23-24 ಡಿಗ್ರಿ, ಶೇ 65ರಿಂದ 70 ಸಾಕು. ಜೊತೆಗೆ ಬೇಕಾದದ್ದು ಗಾಳಿ. ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. ರೈತರ ಬಾಯಲ್ಲಿ ನೂರು ಮೊಟ್ಟೆ ಎಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ, ಅಂದರೆ 40 ಸಾವಿರಕ್ಕೂ ಹೆಚ್ಚು ಹುಳು. ಹೆಚ್ಚು ನೂಲು ಕೊಡುವ ದ್ವಿತಳಿಯಾದರೆ ಅಷ್ಟು ಹುಳು ಒಂದು ಟನ್ನಿಗೂ ಮಿಕ್ಕಿ ಸೊಪ್ಪು ತಿನ್ನುತ್ತವೆ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೊನೆಯ ವಾರದಲ್ಲೇ. ಸೊಪ್ಪಿನ ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರು. ಆ ನೀರಿನ ಬಹುಪಾಲು ಹುಳುವಿನ ಉಸಿರು, ಹಿಕ್ಕೆ ಮತ್ತು ತಿಂದುಳಿದ ಸೊಪ್ಪಿನ ಮೂಲಕ ಆ ಒಂದೇ ಕೋಣೆಯ ಗಾಳಿಗೆ ಸೇರುತ್ತದೆ. ಕಿಟಕಿ ಮುಚ್ಚಿದ್ದರೆ ಹಾಸಿಗೆ ಹುಳಿತು ಅಮೋನಿಯ ಏಳುತ್ತದೆ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಎಂಬ ಹುಳುರೋಗಗಳು ಒಂದರ ಹಿಂದೊಂದು ಬರುತ್ತವೆ.

ಒಂದೇ ಬೆಳೆಗೆ ಮೊದಲು ಗಾಳಿ ತಡೆಯುವ ಮನೆ, ಕೊನೆಗೆ ಗಾಳಿ ಆಡುವ ಮನೆ. ಈ ತೊಡಕನ್ನು ಬಿಡಿಸಲು ಹೊರಟವರ ಕತೆ ಯುರೋಪಿನಿಂದ ಶುರುವಾಗುತ್ತದೆ. ಇಟಲಿಯ ರಸಾಯನಶಾಸ್ತ್ರಜ್ಞ ವಿನ್ಸೆಂಜೊ ದಾಂಡೊಲೊ 1815ರಲ್ಲಿ ಹುಳು ಸಾಕಣೆಯ ಪುಸ್ತಕ ಬರೆದು, ಉಷ್ಣಮಾಪಕ, ತೇವಮಾಪಕ, ಅಗ್ಗಿಷ್ಟಿಕೆ, ಗಾಳಿಕಿಂಡಿ ಎಲ್ಲವನ್ನೂ ಹುಳುಮನೆಯೊಳಕ್ಕೆ ತಂದ. ಫ್ರಾನ್ಸಿನ ದಾರ್ಸೆ 1830ರ ದಶಕದಲ್ಲಿ ಗಾಳಿಯನ್ನು ಕೆಳಗಿನಿಂದ ಒಳಬಿಟ್ಟು ಮೇಲಿನಿಂದ ಎಳೆದುಕೊಳ್ಳುವ ಕಟ್ಟಡವನ್ನೇ ರೂಪಿಸಿದ. ಅದೇ ಹೊತ್ತಿಗೆ, 1835ರಲ್ಲಿ, ಇಟಲಿಯ ಅಗಸ್ಟಿನೊ ಬಾಸಿ ಸುಣ್ಣಕಟ್ಟು ರೋಗಕ್ಕೆ ಬೂಸ್ಟು ಕಾರಣವೆಂದು ತೋರಿಸಿಕೊಟ್ಟ. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ರುಜುವಾತಾದದ್ದು ಪಾಸ್ತರನಿಗೂ ಮೊದಲು, ಹುಳುವಿನ ತಟ್ಟೆಯಲ್ಲಿ. ಆ ಬೂಸ್ಟು ತೇವಕ್ಕೆ ಹಬ್ಬುತ್ತದೆ. ನನ್ನ ಮಟ್ಟಿಗೆ ಕಿಟಕಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಮ್ಮಲ್ಲಿ ಹುಳು ಬಂದದ್ದು ಮನೆಯೊಳಕ್ಕೆ. ಟಿಪ್ಪು ಸುಲ್ತಾನ್ 18ನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಗೆ ರೇಷ್ಮೆ ತರಿಸಿದ. ಜೆಮ್‌ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪರಿಣತರನ್ನಿಟ್ಟು ರೇಷ್ಮೆ ಫಾರ್ಮ್ ನಡೆಸಿದ, ಬಸವನಗುಡಿ ಬಳಿ ಆ ಹೆಸರು ಇನ್ನೂ ಉಳಿದಿದೆ. ಆದರೂ ಬಹುಕಾಲ ಬಿದಿರು ತಟ್ಟೆಗಳ ಸ್ಟ್ಯಾಂಡು ನಿಂತದ್ದು ನಡುಮನೆಯಲ್ಲೇ, ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಊರಿಕೊಂಡು. ಒಲೆಯ ಹೊಗೆ, ಮಕ್ಕಳ ಓಡಾಟ, ಬಾಣಂತಿಯ ಮುಚ್ಚಿದ ಕೋಣೆ, ಎಲ್ಲದರ ನಡುವೆ. ಮೈಸೂರು ತಳಿಯ ಹುಳು ಗಟ್ಟಿ, ಅದನ್ನೆಲ್ಲ ತಾಳಿಕೊಂಡಿತು. ಗೂಡಿನ ನೂಲು ಮಾತ್ರ 400 ಮೀಟರಿನ ಆಸುಪಾಸು.

1980ರಲ್ಲಿ ಊಜಿ ನೊಣ ಬಂಗಾಳದಿಂದ ಕರ್ನಾಟಕಕ್ಕೆ ಬಂತು. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಈ ನೊಣಕ್ಕೆ ಹೆದರಿ ಜನ ಇದ್ದ ಕಿಂಡಿಯನ್ನೂ ಮುಚ್ಚಿದರು, ನೊಣ ತಪ್ಪಿದರೂ ಉಸಿರುಗಟ್ಟಿತು. ನೈಲಾನ್ ಪರದೆ ಬಂದದ್ದು ಈ ಇಕ್ಕಟ್ಟಿನಿಂದ. ಪರದೆ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ, ಹಾಗಾಗಿ ಕಿಟಕಿಗಳು ದೊಡ್ಡವಾಗಬೇಕಾಯಿತು. ಒಂದು ನೊಣ ನಮ್ಮ ಗೋಡೆಗಳನ್ನು ಬದಲಿಸಿದ್ದು ಹೀಗೆ.

1991ರಿಂದ ಜಪಾನಿನ ಜೈಕಾ ನೆರವಿನಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಸಿಎಸ್‌ಆರ್ ಹೆಸರಿನ ದ್ವಿತಳಿಗಳನ್ನು ತಂದಿತು. ನೂಲು ಸಾವಿರ ಮೀಟರು, ಹುಳು ಮಾತ್ರ ನಾಜೂಕು. ಅದಕ್ಕೆ ನಡುಮನೆ ಆಗಿಬರಲಿಲ್ಲ. ಪ್ರತ್ಯೇಕ ಹುಳುಮನೆ ಎದ್ದಿತು: ಪೂರ್ವ ಪಶ್ಚಿಮಕ್ಕೆ ಉದ್ದ, ಬಿಸಿಲು ಕಡಿಮೆ ಬೀಳುವ ಉತ್ತರ ದಕ್ಷಿಣಕ್ಕೆ ಕಿಟಕಿ, ಸುತ್ತ ಜಗಲಿ, ನೆಲದ ಮಟ್ಟದಲ್ಲೂ ಮಾಡಿನ ಬಳಿಯೂ ಕಿಂಡಿ. ತಟ್ಟೆ ಹೋಗಿ ರ‍್ಯಾಕು ಬಂತು, ಎಲೆ ಕಿತ್ತು ಹಾಕುವ ಬದಲು ರೆಂಬೆಯನ್ನೇ ಹಾಸುವುದು ಬಂತು. ರೆಂಬೆಗಳ ಸಂದಿನಲ್ಲಿ ಗಾಳಿ ಆಡುವುದರಿಂದ ಹಾಸಿಗೆಯೂ ಒಣಗಿರುತ್ತದೆ.

ಎರಡು ಬಗೆಯ ಮನೆ ಬೇಕೆಂಬ ಹಳೆಯ ತೊಡಕಿಗೆ ಪರಿಹಾರ ಕೊಟ್ಟದ್ದು ಚಾಕಿ ಸಾಕಣೆ ಕೇಂದ್ರ. ಎರಡನೇ ಜ್ವರದವರೆಗೆ ಹುಳು ಅಲ್ಲೇ ಬೆಳೆಯುತ್ತದೆ, ತೇವದ ಹೊಣೆ ಅವರದು. ರೈತ ಅಲ್ಲಿಂದ ಹುಳು ತಂದು ತನ್ನ ಮನೆಯನ್ನು ಗಾಳಿಗಾಗಿಯೇ ಕಟ್ಟಿಕೊಳ್ಳಬಹುದು. ದಪ್ಪ ಗೋಡೆಯ ಮಾಳಿಗೆ ಮನೆ ಕಟ್ಟಿ, ನೆತ್ತಿಗೆ ಬೆಳಕಿಂಡಿ ಬಿಟ್ಟು ಬದುಕಿದವರು ನಾವು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟು ಮಾಡಿನ ಮೇಲೆ ಸೋಗೆ ಹೊದಿಸುವುದನ್ನು ಇಲ್ಲಿ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಒಂದೇ ಎಚ್ಚರ: ಗೋಣಿ ನೆನೆಸುವ ಉತ್ಸಾಹದಲ್ಲಿ ಕಿಟಕಿಯನ್ನೇ ಮುಚ್ಚಿದರೆ ಶಾಖ ಇಳಿದರೂ ತೇವ ಏರುತ್ತದೆ, ಬೆಳೆದ ಹುಳು ಸೆಕೆಗಿಂತ ಬೇಗ ಅದಕ್ಕೆ ಸಾಯುತ್ತದೆ.

ಕೊನೆಗೆ ಹುಳು ಹಣ್ಣಾಗುತ್ತದೆ. ಮೈ ಪಾರದರ್ಶಕವಾಗಿ, ತಲೆಯೆತ್ತಿ ಜಾಗ ಹುಡುಕುತ್ತದೆ. ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ಮೇಲೆ ಒಮ್ಮೆ ಮೈಯ ಹೆಚ್ಚುವರಿ ನೀರನ್ನು ಹೊರಹಾಕಿ ನೂಲು ಬಿಡಲು ಶುರು ಮಾಡುತ್ತದೆ. ಆಗ ಸುತ್ತಲ ಗಾಳಿ ಶೇ 60-65ರ ಮೇಲೆ ತೇವವಾಗಿದ್ದರೆ ಎಳೆಯ ಮೇಲಿನ ಅಂಟು ಬೇಗ ಆರುವುದಿಲ್ಲ, ಸುತ್ತುಗಳು ಒಂದಕ್ಕೊಂದು ಅಂಟಿ ಬಿಚ್ಚಾಣಿಕೆಯಲ್ಲಿ ನೂಲು ಕಿತ್ತು ಬರುತ್ತದೆ. ಚಂದ್ರಿಕೆಗಳನ್ನು ಜಗಲಿಯ ನೆರಳಿಗೆ ತಂದು ನಿಲ್ಲಿಸುತ್ತಾರೆ. ಇಷ್ಟು ದಿನ ಗೋಣಿ ನೆನೆಸಿ ಹೊರಗೆ ತಡೆದಿದ್ದ ಉಜ್ಜಿನಿ ಬಯಲಿನ ಅದೇ ಒಣಗಾಳಿಗೆ ಈ ಮೂರು ದಿನ ಮೈಯೊಡ್ಡುತ್ತಾರೆ, ಎಳೆ ಬಿಟ್ಟ ಹಾಗೆ ಅದು ಆರಿಸುತ್ತ ಹೋಗುತ್ತದೆ.