ವೆಬ್ ಅಪ್ಲಿಕೇಶನ್ ಫೈರ್‌ವಾಲ್ ಸೇವಾ ಯೋಜನೆಗಳು

ವೆಬ್ ಅಪ್ಲಿಕೇಶನ್ ಫೈರ್‌ವಾಲ್ ಎಂಬುದು ಜಾಲತಾಣ ಮತ್ತು ಅದರ ಬಳಕೆದಾರರ ನಡುವೆ ನಿಂತು, ತಾಣಕ್ಕೆ ಬರುವ ಕೋರಿಕೆಗಳನ್ನು ಪರಿಶೀಲಿಸಿ, ಅಪಾಯಕಾರಿಯಾದವನ್ನು ತಡೆಯುವ ಭದ್ರತಾ ವ್ಯವಸ್ಥೆಯಾಗಿದೆ. ಸಾಮಾನ್ಯ ಫೈರ್‌ವಾಲ್ ಮುಖ್ಯವಾಗಿ ಐಪಿ ವಿಳಾಸ ಮತ್ತು ಪೋರ್ಟ್‌ಗಳನ್ನು ಗಮನಿಸಿದರೆ, ಇದು ಕೋರಿಕೆಯ ಒಳಗಿನ ವಿಷಯವನ್ನೂ ಓದುತ್ತದೆ. ಎಸ್‌ಕ್ಯುಎಲ್ ಇಂಜೆಕ್ಷನ್, ಕ್ರಾಸ್-ಸೈಟ್ ಸ್ಕ್ರಿಪ್ಟಿಂಗ್ ಮುಂತಾದ ದಾಳಿಗಳನ್ನು ಹೀಗೆ ಗುರುತಿಸಲಾಗುತ್ತದೆ. ಸೇವೆ ಒದಗಿಸುವ ಕಂಪನಿಗಳು ಇದನ್ನು ಉಚಿತ ಹಾಗೂ ಶುಲ್ಕಸಹಿತ ಯೋಜನೆಗಳಾಗಿ ವಿಂಗಡಿಸಿರುತ್ತವೆ.

ಹಿನ್ನೆಲೆ

2002ರಲ್ಲಿ ಇವಾನ್ ರಿಸ್ಟಿಚ್ ರೂಪಿಸಿದ ಮಾಡ್‌ಸೆಕ್ಯುರಿಟಿ ಈ ಕ್ಷೇತ್ರದ ಪ್ರಸಿದ್ಧ ಮುಕ್ತ ತಂತ್ರಾಂಶ. ಇದು ಉಚಿತವಾದರೂ ಸ್ವಂತ ಸರ್ವರ್‌ನಲ್ಲಿ ಅಳವಡಿಸಿ, ನಿಯಮಗಳನ್ನು ನಿರ್ವಹಿಸಲು ಪರಿಣತಿ ಬೇಕು. ಆ ಹೊಣೆಯ ಬಹುಭಾಗವನ್ನು ಹೊರುವ ಕ್ಲೌಡ್ ಸೇವೆಗಳು ಅನಂತರ ಬಂದವು. ಕ್ಲೌಡ್‌ಫ್ಲೇರ್ 2010ರಲ್ಲಿ ಸಾರ್ವಜನಿಕ ಸೇವೆ ಆರಂಭಿಸಿತು. ಅಮೆಜಾನಿನ ಎಡಬ್ಲ್ಯುಎಸ್ ವಾಫ್ 2015ರಲ್ಲಿ ಬಂದಿತು.

ಯೋಜನೆಗಳ ಹೋಲಿಕೆ

ಕ್ಲೌಡ್‌ಫ್ಲೇರ್‌ನಲ್ಲಿ ಫ್ರೀ, ಪ್ರೊ, ಬಿಸಿನೆಸ್ ಮತ್ತು ಎಂಟರ್‌ಪ್ರೈಸ್ ಎಂಬ ನಾಲ್ಕು ಹಂತಗಳಿವೆ. 2023ರ ಪರಿಷ್ಕರಣೆಯಂತೆ ಪ್ರೊ ಯೋಜನೆಗೆ ತಿಂಗಳಿಗೆ 25 ಡಾಲರ್, ಬಿಸಿನೆಸ್ ಯೋಜನೆಗೆ 250 ಡಾಲರ್ ಶುಲ್ಕವಿದೆ. ಡಿಡಾಸ್ ದಾಳಿಯಿಂದ ರಕ್ಷಣೆಯನ್ನು 2017ರಿಂದ ಎಲ್ಲ ಹಂತಗಳಿಗೂ ಪ್ರಮಾಣದ ಮಿತಿಯಿಲ್ಲದೆ ನೀಡಲಾಗುತ್ತಿದೆ. ವ್ಯತ್ಯಾಸವಿರುವುದು ಇತರ ಅಂಶಗಳಲ್ಲಿ:

• ಗ್ರಾಹಕರು ಸ್ವತಃ ಬರೆಯಬಹುದಾದ ನಿಯಮಗಳು: ಫ್ರೀ 5, ಪ್ರೊ 20, ಬಿಸಿನೆಸ್ 100.
• ಸಿದ್ಧ ನಿಯಮಗಳು: ಫ್ರೀ ಹಂತಕ್ಕೆ 2022ರಿಂದ ಒಂದು ಕಿರು ಸಂಗ್ರಹ, ಪೂರ್ಣ ಸಂಗ್ರಹ ಪ್ರೊ ಹಂತದಿಂದ.
• ಒಮ್ಮೆಗೆ ಕಳುಹಿಸಬಹುದಾದ ಕಡತದ ಗಾತ್ರ: ಫ್ರೀ ಮತ್ತು ಪ್ರೊ 100 ಎಂಬಿ, ಬಿಸಿನೆಸ್ 200 ಎಂಬಿ.

ಎಡಬ್ಲ್ಯುಎಸ್ ವಾಫ್‌ನಲ್ಲಿ ಹಂತಗಳ ಬದಲು ಬಳಕೆಯನ್ನು ಆಧರಿಸಿದ ಶುಲ್ಕವಿದೆ. ಮೂಲ ದರದಂತೆ ಒಂದು ನಿಯಮಪಟ್ಟಿಗೆ ತಿಂಗಳಿಗೆ 5 ಡಾಲರ್, ಪ್ರತಿ ನಿಯಮಕ್ಕೆ 1 ಡಾಲರ್, ಪ್ರತಿ 10 ಲಕ್ಷ ಕೋರಿಕೆಗಳಿಗೆ 0.60 ಡಾಲರ್. ಅಂದರೆ 10 ನಿಯಮಗಳಿದ್ದು 10 ಲಕ್ಷ ಕೋರಿಕೆಗಳು ಬಂದರೆ ಒಟ್ಟು 15.60 ಡಾಲರ್. ಕೋರಿಕೆಗಳು ಹೆಚ್ಚಿದಂತೆ ವೆಚ್ಚವೂ ಹೆಚ್ಚುತ್ತದೆ.

ಮಿತಿಗಳು

ಹೆಚ್ಚಿನ ಶುಲ್ಕದ ಯೋಜನೆಯೂ ಪೂರ್ಣ ರಕ್ಷಣೆಯಲ್ಲ. ಫೈರ್‌ವಾಲ್ ಕೋರಿಕೆಯ ನಿರ್ದಿಷ್ಟ ಭಾಗವನ್ನಷ್ಟೇ ಓದಬಹುದು. ಎಡಬ್ಲ್ಯುಎಸ್‌ನ ಲೋಡ್ ಬ್ಯಾಲೆನ್ಸರ್‌ನೊಂದಿಗೆ ಬಳಸುವಾಗ ಕೋರಿಕೆಯ ಒಡಲಿನ ಮೊದಲ 8 ಕೆಬಿ ಮಾತ್ರ ಪರಿಶೀಲನೆಗೆ ಒಳಪಡುತ್ತದೆ. ಮೂಲ ಸರ್ವರ್‌ನ ವಿಳಾಸ ಬಯಲಾಗಿ, ಅಲ್ಲಿಗೆ ನೇರ ಪ್ರವೇಶ ತೆರೆದಿದ್ದರೆ, ದಾಳಿಕೋರರು ಫೈರ್‌ವಾಲನ್ನು ಬಳಸಿಕೊಂಡು ಬರಬೇಕಾಗಿಯೇ ಇಲ್ಲ. ನಿಯಮ ಅತಿ ಬಿಗಿಯಾದರೆ ಪ್ರಾಮಾಣಿಕ ಬಳಕೆದಾರರೂ ತಡೆಯಲ್ಪಡುತ್ತಾರೆ.

ತಂತ್ರಾಂಶದ ತರ್ಕದೋಷಗಳನ್ನು ಗುರುತಿಸುವುದು ಇನ್ನೂ ಕಠಿಣ. ಫಲಿತಾಂಶದ ತಾಣವೊಂದರಲ್ಲಿ ನೋಂದಣಿ ಸಂಖ್ಯೆಯನ್ನು ಬದಲಿಸಿದೊಡನೆ ಬೇರೊಬ್ಬ ವಿದ್ಯಾರ್ಥಿಯ ಖಾಸಗಿ ವಿವರ ಕಾಣುವಂತಿದ್ದರೆ, ಆ ಕೋರಿಕೆ ಫೈರ್‌ವಾಲಿಗೆ ಸಹಜವಾಗಿಯೇ ತೋರುತ್ತದೆ.

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ತಂತ್ರಾಂಶದ ದೋಷ ಬಯಲಾದಾಗ ಸೇವಾ ಕಂಪನಿಗಳು ಶೀಘ್ರವಾಗಿ ತಡೆ ನಿಯಮಗಳನ್ನು ಹೊರಡಿಸಿದವು. ದಾಳಿಕೋರರು ಅಕ್ಷರಗಳ ಜೋಡಣೆಯನ್ನು ಮರೆಮಾಚಿ ಅವನ್ನು ದಾಟಲು ಯತ್ನಿಸಿದರು. ನಿಯಮಗಳು ಕಾಲಾವಕಾಶವನ್ನು ಒದಗಿಸಿದವು. ಶಾಶ್ವತ ಪರಿಹಾರ ತಂತ್ರಾಂಶವನ್ನು ನವೀಕರಿಸುವುದೇ ಆಗಿತ್ತು.