ಎರಡು ಹವೆಗಳ ನಡುವಣ ಮನೆ

ಉತ್ತರ ಯುರೋಪಿನ ಫಿನ್ಲೆಂಡ್ ದೇಶದ ಜನಸಂಖ್ಯೆ ಸುಮಾರು 55 ಲಕ್ಷ; ಅಲ್ಲಿ ಸೌನಾ ಎಂದು ಕರೆಯಲ್ಪಡುವ ಬಿಸಿಹಬೆಯ ಸ್ನಾನಗೃಹಗಳ ಸಂಖ್ಯೆಯಾದರೋ 30 ಲಕ್ಷಕ್ಕೂ ಮಿಗಿಲೆಂದು ಅಂದಾಜು. ಯುನೆಸ್ಕೊ ಸಂಸ್ಥೆಯು 2020ರಲ್ಲಿ ಈ ಸ್ನಾನಪದ್ಧತಿಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಆದರೆ ಇಂಥ ಮನ್ನಣೆಗಳ ಕಲ್ಪನೆಯೇ ಇಲ್ಲದಿದ್ದ ಕಾಲದಿಂದಲೂ, ಕಾಡು ಕಡಿದು ಹೊಸ ನೆಲೆ ಮಾಡಿಕೊಳ್ಳಹೊರಟ ರೈತನು ಅನೇಕ ವೇಳೆ ಮೊತ್ತಮೊದಲು ಸೌನಾವನ್ನೇ ಕಟ್ಟಿ, ಅದರಲ್ಲಿಯೇ ಸಂಸಾರಸಮೇತ ವಾಸವಾಗಿದ್ದು, ಆಮೇಲೆ ಮನೆಯ ಮಾತೆತ್ತುತ್ತಿದ್ದನು. ಹೆರಿಗೆಗಳು ಅಲ್ಲಿಯೇ ಆಗುತ್ತಿದ್ದವು. ಮೃತದೇಹಗಳನ್ನು ಅಲ್ಲಿಯೇ ತೊಳೆಯುತ್ತಿದ್ದರು. ಅಗಸೆಯ ನಾರು ಒಣಗುತ್ತಿದ್ದುದೂ ಮಾಂಸಕ್ಕೆ ಹೊಗೆ ಹಿಡಿಸುತ್ತಿದ್ದುದೂ ಅದೇ ಕೋಣೆಯಲ್ಲಿ.

ಮನೆಯಿಂದ ಬೇರೆಯಾಗಿ ಬಯಲಿನಲ್ಲಿಯೋ ಸರೋವರದ ದಂಡೆಯಲ್ಲಿಯೋ ನಿಲ್ಲುವ ಸೌನಾವನ್ನು ಆರಿಸುವವನು ಬೆಲೆಪಟ್ಟಿಯನ್ನು ತೆರೆಯುವುದಕ್ಕೆ ಮುಂಚೆ ತನ್ನೂರಿನ ಹವೆಯನ್ನು ಓದಿಕೊಳ್ಳಬೇಕು. ಏಕೆಂದರೆ ಒಳಗೆ ಎಂಬತ್ತು ತೊಂಬತ್ತು ಡಿಗ್ರಿಗಳ ಕಾವು, ಹೊರಗೆ ಶೂನ್ಯಕ್ಕಿಂತ ಎಷ್ಟೋ ಕೆಳಗಿಳಿದ ಚಳಿ, ಇವೆರಡರ ನಡುವೆ ಇರುವುದು ಕೆಲವೇ ಅಂಗುಲ ದಪ್ಪದ ಮರ; ಅದರ ಮೇಲೆ ವಾರಕ್ಕೆ ಒಂದೆರಡು ಬಾರಿ ಬಂದೆರಗುವ ಹಬೆ. ಚಳಿ ಮರವನ್ನು ಕೊಳೆಸುವುದಿಲ್ಲ. ಒಳಗೆ ಹುಟ್ಟಿ ಹೊರಗೆ ಹೋಗಲಾರದೆ ಉಳಿದ ತೇವವೇ ಕೊಳೆಸುವುದು; ಸೌನಾ ಕಟ್ಟುವ ವಿದ್ಯೆಯ ಬಹುಪಾಲು ಈ ಒಂದು ಸಂಗತಿಯ ಸುತ್ತಲೇ ಬೆಳೆದಿದೆ.

ಸೌನಾಗಳಲ್ಲೆಲ್ಲ ಪ್ರಾಚೀನವಾದುದು ಹೊಗೆಗೂಡಿಲ್ಲದ ಹೊಗೆಸೌನಾ. ದೊಡ್ಡ ಕಲ್ಲುರಾಶಿಯ ಅಡಿಯಲ್ಲಿ ಹಲವು ಗಂಟೆಗಳ ಕಾಲ ಸೌದೆ ಉರಿಸುತ್ತಾರೆ. ಹೊಗೆಯು ಕೋಣೆಯನ್ನೆಲ್ಲ ತುಂಬಿ, ಗೋಡೆಯ ಮೇಲ್ಭಾಗದ ಕಂಡಿಯಿಂದಲೂ ಅರೆತೆರೆದ ಬಾಗಿಲಿನಿಂದಲೂ ಹೊರಬೀಳುತ್ತದೆ. ಕಲ್ಲು ಸಾಕಷ್ಟು ಕಾದು, ಬೆಂಕಿ ಪೂರ್ತಿಯಾಗಿ ಆರಿ, ಉಳಿದ ಹೊಗೆಯೂ ಹೊರಟುಹೋದ ಮೇಲೆಯೇ ಸ್ನಾನಕ್ಕೆ ಪ್ರವೇಶ. ಆಗ ಒಂದು ಸೌಟು ನೀರನ್ನು ಕಲ್ಲಿನ ಮೇಲೆ ಎರಚಿದರೆ ಬೊಬ್ಬಿರಿಯುವ ಸದ್ದಿಲ್ಲ. ಮೆಲ್ಲನೆ ಉಸಿರೆಳೆದಂತೆ ಸುಯ್‌ಗುಟ್ಟಿ ಏಳುವ ಹಬೆಯು ಮೊದಲು ಮಾಡನ್ನು ಮುಟ್ಟಿ, ಕ್ಷಣಕಾಲ ಅಲ್ಲಿಯೇ ಹರಡಿ, ಬಳಿಕ ಹೆಗಲಿನ ಮೇಲೆ ಇಳಿಯುತ್ತದೆ. ಫಿನ್ನರು ಲೋಯ್ಲು ಎನ್ನುವುದು ಈ ಹಬೆಗೇ. ಮಲೆನಾಡಿನ ಹಳೆಯ ಅಡುಗೆಮನೆಯ ಅಟ್ಟದಂತೆ ಒಳಗೋಡೆಗಳೆಲ್ಲ ಇಲ್ಲಣ ಕಟ್ಟಿ ಕಪ್ಪಾಗಿರುತ್ತವೆ. ಇದರ ಸುಖವನ್ನು ಬಲ್ಲವರು ಬೇರೊಂದನ್ನು ಹೊಗಳುವುದು ವಿರಳ. ಆದರೆ ಅರ್ಧ ದಿನವನ್ನು ಬೆಂಕಿಯ ಮುಂದೆ ಕಳೆಯುವ ವ್ಯವಧಾನವೂ, ಕಿಡಿ ಹಾರಿದರೆ ಇಡೀ ಕಟ್ಟಡವೇ ಉರಿದುಹೋದೀತೆಂಬ ಎಚ್ಚರವೂ ಇಲ್ಲದವರು ಇದರ ಗೊಡವೆಗೆ ಹೋಗದಿರುವುದೇ ಲೇಸು.

ಹೊಗೆಗೂಡುಳ್ಳ ಸೌದೆಯ ಒಲೆಯ ಸೌನಾಕ್ಕೆ ಉತ್ತರದ ಲ್ಯಾಪ್‌ಲೆಂಡಿನಲ್ಲಿ ದಪ್ಪ ತೊಲೆಯ ಗೋಡೆ ಬಹಳ ಹೊಂದುತ್ತದೆ. ಆ ಪ್ರಾಂತ್ಯದ ಕಿತ್ತಿಲಾ ಸೀಮೆಯ ಪೊಕ್ಕಾ ಎಂಬ ಹಳ್ಳಿಯಲ್ಲಿ 1999ರ ಜನವರಿಯಲ್ಲಿ ಶೂನ್ಯಕ್ಕಿಂತ 51.5 ಡಿಗ್ರಿ ಕೆಳಗಿನ ಶೈತ್ಯ ದಾಖಲಾಯಿತು. ದೇಶದ ದಾಖಲೆ ಇಂದಿಗೂ ಅದೇ. ಅಂಥ ಚಳಿಗಾಳಿಯಲ್ಲಿ ನೀರಿನ ಅಂಶ ಅತ್ಯಲ್ಪವಾದುದರಿಂದ, ಅದು ಒಳಬಂದು ಕಾದಾಗ ಮರದ ತೇವವನ್ನು ಬಲುಬೇಗ ಹೀರಿಕೊಳ್ಳುತ್ತದೆ. ಹಾಗೆಂದು ತೊಲೆಗೋಡೆ ದೋಷವಿಲ್ಲದ್ದೇನೂ ಅಲ್ಲ. ಮರ ಒಣಗಿದಂತೆಲ್ಲ ಗೋಡೆ ಕುಸಿಯುತ್ತದೆ, ಒಂದು ಮೀಟರಿಗೆ ಕೆಲವು ಸೆಂಟಿಮೀಟರುಗಳಷ್ಟು. ಆದುದರಿಂದ ಬಲ್ಲ ಬಡಗಿಯು ಬಾಗಿಲು ಕಿಟಕಿಗಳ ನೆತ್ತಿಯಲ್ಲಿ ಸಂದು ಬಿಟ್ಟು, ಅದರಲ್ಲಿ ಮೆತ್ತನೆಯ ನಾರು ತುಂಬಿ, ಮೇಲೊಂದು ಪಟ್ಟಿ ಹೊಡೆಯುತ್ತಾನೆ. ಆ ಸಂದಿಲ್ಲದ ಮನೆಯಲ್ಲಿ ಬಾಗಿಲು ಕೆಲವೇ ವರ್ಷಗಳಲ್ಲಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ತೊಲೆಯು ಕಾವನ್ನೂ ಬಹಳವಾಗಿ ಹೀರುವುದರಿಂದ, ಕೋಣೆಯ ಘನಗಾತ್ರವನ್ನು ಒಂದೂವರೆ ಪಟ್ಟೆಂದೇ ಎಣಿಸಿ ಒಲೆಯನ್ನು ಆರಿಸಬೇಕೆಂಬುದು ರೂಢಿಯ ಲೆಕ್ಕ.

ನೈಋತ್ಯದ ಕರಾವಳಿಯ ಕಥೆಯೇ ಬೇರೆ. ಅಲ್ಲಿನ ಚಳಿಗಾಲವು ಶೂನ್ಯದ ಆಸುಪಾಸಿನಲ್ಲಿ ತೂಗಾಡುತ್ತ, ಇಂದು ಹಿಮ, ನಾಳೆ ಜಿಟಿಜಿಟಿ ಮಳೆ, ಮರುದಿನ ಮತ್ತೆ ಹೆಪ್ಪು ಎಂಬಂತಿರುವುದರಿಂದ, ಹೊರಗೋಡೆಗೆ ಒಣಗಲು ಬಿಡುವೇ ದೊರೆಯದು. ಇಲ್ಲಿ ಚಾವಣಿಯ ಸೂರು ಗೋಡೆಯಿಂದ ಧಾರಾಳವಾಗಿ ಮುಂಚಾಚಬೇಕು, ಕೆಳಗಿನ ತೊಲೆ ನೆಲದಿಂದ ಸಾಕಷ್ಟು ಮೇಲಿರಬೇಕು. ಚೌಕಟ್ಟಿನ ನಡುವೆ ಉಷ್ಣರೋಧಕ ಉಣ್ಣೆ ತುಂಬಿದ ಹಲಗೆಗೋಡೆಯಾದರೆ, ಉಣ್ಣೆಯ ಒಳಮಗ್ಗುಲಿಗೆ ಅಲ್ಯೂಮಿನಿಯಂ ಹಾಳೆಯನ್ನು ಬೆಸುಗೆ ಬಿಡದಂತೆ ಅಂಟಿಸಿ, ಹಾಳೆಗೂ ಹಲಗೆಗೂ ನಡುವೆ ಗಾಳಿಯಾಡುವಷ್ಟು ತೆರಪು ಬಿಡಬೇಕು. ಹಾಳೆಯಲ್ಲೊಂದು ತೂತಿದ್ದರೂ ಹಬೆ ಅದರೊಳಗಿಂದ ನುಸುಳಿ, ಹೊರಮಗ್ಗುಲಿನ ತಣ್ಪಿಗೆ ನೀರಾಗಿ, ಯಾರ ಕಣ್ಣಿಗೂ ಬೀಳದೆ ವರ್ಷಾನುಗಟ್ಟಲೆ ಚೌಕಟ್ಟನ್ನು ತಿನ್ನುತ್ತದೆ. ನೆಲ ಜೇಡಿಮಣ್ಣಾಗಿದ್ದರೆ ಮತ್ತೊಂದು ತೊಡಕು: ಚಳಿಗಾಲದಲ್ಲಿ ಅದರೊಳಗಿನ ನೀರು ಹೆಪ್ಪುಗಟ್ಟಿ ನೆಲವೇ ಉಬ್ಬಿ ಕಟ್ಟಡವನ್ನು ಒಂದು ಮೂಲೆಯಲ್ಲಿ ಎತ್ತಿಬಿಡುತ್ತದೆ; ಆದುದರಿಂದ ತಳಪಾಯವು ಹೆಪ್ಪು ಇಳಿಯುವ ಆಳಕ್ಕಿಂತ ಕೆಳಗೆ ಹೋಗಬೇಕು.

ಬಾಗಿಲಿನ ವಿಚಾರ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ತಲೆಸುತ್ತಿದವನು ಮೈಭಾರ ಹಾಕಿದರೂ ತೆರೆದುಕೊಳ್ಳುವಂತೆ ಸೌನಾದ ಬಾಗಿಲು ಹೊರಮುಖವಾಗಿ ತೆರೆಯುತ್ತದೆ. ಅದೇ ಬಾಗಿಲಿಗೆ ಹೊರಗಿನಿಂದ ಹಿಮ ರಾಶಿಬಿದ್ದರೆ ಗತಿಯೇನು? ಹಿಮ ಬೀಳುವ ಸೀಮೆಯಲ್ಲಿ ಬಟ್ಟೆ ಕಳಚುವ ಮುಂಗೋಣೆ ಬೇಕಾಗುವುದು ಇದಕ್ಕೂ ಹೌದು. ಅದರ ಹೊರಬಾಗಿಲನ್ನು ಗಾಳಿಯ ಮರೆಗೆ, ಸೂರಿನಡಿಗೆ ಇರಿಸುವುದು ಕ್ಷೇಮ.

ಈಚೆಗೆ ಎಲ್ಲೆಡೆಯೂ ಮಾರಾಟವಾಗುತ್ತಿರುವ ಪೀಪಾಯಿಯಾಕಾರದ ಸೌನಾ ನೋಡಲು ಸುಂದರ, ಅಗ್ಗ, ಲಾರಿಯಲ್ಲಿ ಬಂದಿಳಿದ ದಿನವೇ ಬೆಂಕಿ ಹಾಕಬಹುದು. ಆದರೆ ಕಾವಿನ ಸೊಗಸೆಲ್ಲ ಇರುವುದು ಮಾಡಿನ ಬಳಿ. ಕುಳಿತವನ ಪಾದಗಳು ಒಲೆಯ ಕಲ್ಲುಗಳಿಗಿಂತ ಮೇಲಿರಬೇಕೆಂಬುದು ಫಿನ್ನರ ಹಳೆಯ ನಿಯಮ. ಪೀಪಾಯಿಯ ಬಾಗಿದ ಮಾಡಿನಡಿಯಲ್ಲಿ ಪೀಠವನ್ನು ಅಷ್ಟೆತ್ತರಕ್ಕೆ ಏರಿಸಲು ಸಾಧ್ಯವಿಲ್ಲದೆ, ತಲೆ ಕಾದು ಕಾಲು ತಣ್ಣಗಿರುವ ವಿಚಿತ್ರ ಅವಸ್ಥೆ ಒದಗುತ್ತದೆ. ತೆಳುವಾದ ಆ ಪಟ್ಟಿಗೋಡೆಯೂ ಕಡುಚಳಿಯಲ್ಲಿ ಸೌದೆಯನ್ನು ಯದ್ವಾತದ್ವಾ ತಿನ್ನುತ್ತದೆ. ಹಿಮ ಅಪರೂಪವಾದ ಊರಿನಲ್ಲಿ, ಬೇಸಗೆಯ ಸಂಜೆಗಳಿಗೆ ಮಾತ್ರ ಸೌನಾ ಬೇಕೆನ್ನುವವರು ಅದನ್ನು ಧಾರಾಳವಾಗಿ ಕೊಳ್ಳಲಿ. ಜನವರಿಯ ರಾತ್ರಿಯಲ್ಲಿಯೂ ಒಲೆ ಹಚ್ಚುವ ಮನಸ್ಸುಳ್ಳವರು ತೊಲೆಗೆ ಹಣ ಹೊಂದಿಸಬೇಕು. ಹೊಂದದಿದ್ದರೆ ಉಣ್ಣೆ ತುಂಬಿದ ಹಲಗೆಗೋಡೆಯ ಪುಟ್ಟ ಚೌಕಕೋಣೆಯನ್ನೇ ಕಟ್ಟಿಸಿಕೊಂಡು, ಉಳಿದ ದುಡ್ಡನ್ನು ಒಳ್ಳೆಯ ಕಲ್ಲಿಗೂ ಎತ್ತರದ ಪೀಠಕ್ಕೂ ವೆಚ್ಚಮಾಡಬಹುದು.