ಕಟಕಟೆಗೆ ಬಾರದವರ ಮಾತು

ಕೊಲೆಯನ್ನು ಕಣ್ಣಾರೆ ಕಂಡವರೇ ಕೋರ್ಟಿಗೆ ಬಂದು ಹೇಳಬೇಕು. ‘ಪಕ್ಕದ ಮನೆಯವರು ಕಂಡರಂತೆ, ನನ್ನ ಹತ್ತಿರ ಹೇಳಿದರು’ ಎಂದರೆ ನಡೆಯದು. ಆ ಪಕ್ಕದ ಮನೆಯವರು ಪ್ರಮಾಣ ಮಾಡಿಲ್ಲ. ಅಷ್ಟು ಕತ್ತಲಲ್ಲಿ ಮುಖ ಹೇಗೆ ಕಂಡಿತೆಂದು ಅವರನ್ನು ಪಾಟೀಸವಾಲಿನಲ್ಲಿ ಕೆದಕಲು ಆರೋಪಿಯ ವಕೀಲರಿಗೆ ಅವಕಾಶವೂ ಇಲ್ಲ. 1872ರ ಸಾಕ್ಷ್ಯ ಕಾಯ್ದೆ ಹೀಗೆಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹೀಗೇ ಹೇಳುತ್ತದೆ.

ಕಂಡವರೇ ಸತ್ತುಹೋಗಿದ್ದರೆ? ಅಂಥ ಕಡೆ ಕಾನೂನು ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ. ತೀರಿಕೊಂಡ ವ್ಯಾಪಾರಿ ತನ್ನ ದಿನದ ವ್ಯವಹಾರದಲ್ಲಿ ಬರೆದಿಟ್ಟ ಲೆಕ್ಕ, ಮನೆತನದ ಸಂಬಂಧಗಳ ಬಗ್ಗೆ ಈಗಿಲ್ಲದ ಹಿರಿಯರು ಆಡಿದ್ದ ಮಾತು ಇವೆಲ್ಲ ಆ ದಾರಿಯಲ್ಲಿ ಒಳಗೆ ಬರುತ್ತವೆ. ಎಲ್ಲಕ್ಕಿಂತ ಭಾರವಾದದ್ದು ಮರಣಪೂರ್ವ ಹೇಳಿಕೆ, ಅಂದರೆ ತನ್ನ ಸಾವಿನ ಕಾರಣದ ಬಗ್ಗೆಯೋ ಅದಕ್ಕೆ ಒಯ್ದ ಸಂದರ್ಭದ ಬಗ್ಗೆಯೋ ಸತ್ತವರು ಆಡಿದ್ದ ಮಾತು. ಹಳೆಯ ಕಾಯ್ದೆಯಲ್ಲಿ 32ನೇ ಕಲಮು, ಹೊಸದರಲ್ಲಿ 26.

ಇಂಗ್ಲೆಂಡಿನ ಹಳೆಯ ನಿಯಮದಲ್ಲಿ, ತಾನು ಇನ್ನು ಉಳಿಯುವುದಿಲ್ಲವೆಂದು ಖಚಿತವಾಗಿ ಗೊತ್ತಿದ್ದು ಆಡಿದ ಮಾತಿಗೆ ಮಾತ್ರ ಈ ಮನ್ನಣೆ. ಸಾಯುವವರು ಸುಳ್ಳಾಡರು ಎಂಬ ನಂಬಿಕೆ ಅದರ ಹಿಂದಿತ್ತು. ನಮ್ಮ ಕಾನೂನು ಆ ಷರತ್ತನ್ನು ಕೈಬಿಟ್ಟಿತು. 1937ರ ಮಾರ್ಚಿನಲ್ಲಿ ಪುರಿಯಲ್ಲಿ, ರೈಲಿನ ಮೂರನೇ ದರ್ಜೆಯ ಡಬ್ಬಿಯಲ್ಲಿದ್ದ ಉಕ್ಕಿನ ಪೆಟ್ಟಿಗೆಯೊಳಗೆ ಒಬ್ಬನ ಹೆಣ ಸಿಕ್ಕಿತು. ಕೊಟ್ಟ ಸಾಲ ವಸೂಲಿಗೆ ಬರಹಂಪುರಕ್ಕೆ ಹೋಗುತ್ತಿದ್ದೇನೆಂದು ಅವನು ಪಿಠಾಪುರದ ಮನೆಯಲ್ಲಿ ಹೆಂಡತಿಗೆ ಹೇಳಿ ಹೊರಟಿದ್ದ. ಆಗ ಅವನಿಗೆ ಸಾವಿನ ಸುಳಿವೂ ಇರಲಿಲ್ಲ. ಆದರೂ ಸಾವಿಗೆ ಒಯ್ದ ಸಂದರ್ಭವನ್ನು ಆ ಮಾತು ತೋರಿಸುತ್ತದೆಂದು 1939ರಲ್ಲಿ, ಅಂದಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಒಪ್ಪಿತು. ನಾಲ್ಕು ಗೋಡೆಗಳ ನಡುವೆ ನರಳಿ ಸತ್ತ ಎಷ್ಟೋ ಹೆಣ್ಣುಮಕ್ಕಳು ತವರಿಗೆ ಬರೆದ ಪತ್ರಗಳನ್ನು ಮುಂದೆ ಕೋರ್ಟುಗಳು ಓದಲು ಸಾಧ್ಯವಾದದ್ದು ಈ ಸಡಿಲಿಕೆಯಿಂದಲೇ. ನಮ್ಮ ಸಾಕ್ಷ್ಯ ಕಾನೂನಿನ ಅತ್ಯಂತ ಮಾನವೀಯ ನಿರ್ಧಾರ ಇದೆಂದು ನಾನು ನಂಬುತ್ತೇನೆ.

ಮಾತು ಬಾಯಿಂದಲೇ ಬರಬೇಕೆಂದೂ ಇಲ್ಲ. ಕತ್ತು ಕೊಯ್ದಿದ್ದರಿಂದ ಮಾತು ನಿಂತುಹೋಗಿದ್ದ ಹುಡುಗಿಯ ಮುಂದೆ ಒಂದೊಂದೇ ಹೆಸರು ಹೇಳುತ್ತ ಹೋದಾಗ ಅವಳು ಕೈಸನ್ನೆಯಲ್ಲಿ ಹೌದು, ಇಲ್ಲ ಎಂದಿದ್ದಳು. 1885ರಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಹೇಳಿಕೆಯೆಂದೇ ಪರಿಗಣಿಸಿತು. 2012ರ ದೆಹಲಿ ಅತ್ಯಾಚಾರ ಪ್ರಕರಣದಲ್ಲೂ ಯುವತಿ ಸನ್ನೆಯಿಂದ, ಬರಹದಿಂದ ಕೊಟ್ಟ ಉತ್ತರಗಳನ್ನು 2017ರಲ್ಲಿ ಸುಪ್ರೀಂ ಕೋರ್ಟ್ ನಂಬಿತು.

ಮರಣಪೂರ್ವ ಹೇಳಿಕೆಯೊಂದರ ಮೇಲೆಯೇ ಶಿಕ್ಷೆ ಕೊಡಬಹುದೆಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಪಾಟೀಸವಾಲೇ ಇಲ್ಲದ ಮಾತಿಗೆ ಇಷ್ಟು ಬಲವಿರುವುದರಿಂದ, ಬರೆದುಕೊಳ್ಳುವವರ ಮೇಲಿನ ಹೊಣೆ ದೊಡ್ಡದು. ಸುಟ್ಟಗಾಯಗಳ ವಾರ್ಡಿಗೆ ಮ್ಯಾಜಿಸ್ಟ್ರೇಟರೋ ತಹಶೀಲ್ದಾರರೋ ಬಂದರೆ ಪೊಲೀಸರನ್ನೂ ನೆಂಟರನ್ನೂ ಮೊದಲು ಹೊರಗೆ ಕಳಿಸಬೇಕು. ಹಾಸಿಗೆಯ ಪಕ್ಕ ನಿಂತ ಅತ್ತೆಯ ಎದುರು ಸೊಸೆ ‘ಸ್ಟೋವ್ ಸಿಡಿಯಿತು’ ಎನ್ನಬಹುದು. ತವರಿನವರು ಕಿವಿಯಲ್ಲಿ ಊದಿದ ಹೆಸರನ್ನೂ ಹೇಳಬಹುದು. ಹೆಸರು, ಊರು ಕೇಳಿ ಪ್ರಜ್ಞೆ ನೆಟ್ಟಗಿದೆಯೇ ಎಂದು ನೋಡಿಕೊಂಡು, ಆಮೇಲೆ ನಡೆದದ್ದನ್ನು ಅವಳ ಮಾತಿನಲ್ಲೇ ಬರೆದು, ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು. ಕೈಬೆರಳುಗಳು ಸುಟ್ಟಿದ್ದರೆ ಕಾಲಿನ ಹೆಬ್ಬೆರಳು. ಅವಳು ಮಾತಾಡುವ ಸ್ಥಿತಿಯಲ್ಲಿದ್ದಾಳೆಂದು ವೈದ್ಯರು ಬರೆದುಕೊಡುವುದು ರೂಢಿ. ಆ ಷರಾ ಇಲ್ಲದಿದ್ದರೂ, ಬರೆದುಕೊಂಡವರಿಗೆ ಖಾತ್ರಿಯಾಗಿದ್ದರೆ ಸಾಕೆಂದು 2002ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು.

ಗಾಯಾಳು ಬದುಕುಳಿದರೆ ಆ ಕಾಗದಕ್ಕೆ ಮರಣಪೂರ್ವ ಹೇಳಿಕೆಯ ಸ್ಥಾನ ಇರುವುದಿಲ್ಲ. ಅವಳೇ ಕಟಕಟೆ ಹತ್ತಿ ನುಡಿಯಬೇಕು, ಪಾಟೀಸವಾಲನ್ನೂ ಎದುರಿಸಬೇಕು. ಅಂದು ಬರೆಸಿದ್ದು ಅವಳ ಸಾಕ್ಷ್ಯಕ್ಕೆ ಒತ್ತಾಸೆಯಾಗಿ ಬರಬಹುದು; ಮಾತು ಬದಲಿಸಿದರೆ ಅದನ್ನೇ ಮುಂದಿಟ್ಟು ಅವಳನ್ನು ಪ್ರಶ್ನಿಸಬಹುದು.